ಗರಸಿನೊಳಗಿನ ನೀರು

ಏಪ್ರಿಲ್ ಬಂತೆಂದರೆ ಜಯನಗರದ ಒಳರಸ್ತೆಗಳಿಗೆ ಬೋರ್‌ವೆಲ್ ಲಾರಿಗಳು ಬರಲು ಶುರುವಾಗುತ್ತವೆ. ಬರುವುದು ಜೋಡಿಯಾಗಿ. ಒಂದರ ಬೆನ್ನ ಮೇಲೆ ಮಲಗಿಸಿದ ಉಕ್ಕಿನ ಕಂಬ, ಇನ್ನೊಂದರ ತುಂಬ ರಾಡುಗಳು, ಪೈಪುಗಳು, ಡೀಸೆಲ್ ಪೀಪಾಯಿ. ನಂಬರ್ ಪ್ಲೇಟು ಹೆಚ್ಚಾಗಿ ತಮಿಳುನಾಡಿನದು; ಈ ಕಸುಬಿಗೆ ಹೆಸರಾದ ಊರು ತಿರುಚೆಂಗೋಡು. ಹೊಂಗೆಯ ಕೊಂಬೆಗಳನ್ನು ಹಗ್ಗ ಹಾಕಿ ಪಕ್ಕಕ್ಕೆಳೆದು ಕಟ್ಟಿ, ಕಾಂಪೌಂಡಿಗೆ ಒತ್ತಿಕೊಂಡಂತೆ ಎರಡು ಮಾರು ಜಾಗ ಮಾಡಿಕೊಂಡು, ಕಂಬವನ್ನು ಮೆಲ್ಲಗೆ ಎತ್ತಿ ನಿಲ್ಲಿಸುತ್ತಾರೆ. ಪಾಯಿಂಟ್ ಗುರುತು ಹಾಕಿದ ಕಡೆ ಅರಿಸಿನ, ಕುಂಕುಮ, ಒಡೆದ ತೆಂಗಿನಕಾಯಿ, ಎರಡು ಊದುಬತ್ತಿ. ಪಾಯಿಂಟ್ ಕೊಟ್ಟವರು ಯಾರೆಂಬುದು ಮನೆಯಿಂದ ಮನೆಗೆ ಬೇರೆ. ಕೆಲವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಅಂಗಳ ಸುತ್ತುವವರನ್ನು ಕರೆಸಿರುತ್ತಾರೆ. ಕೆಲವರು ನೆಲಕ್ಕೆ ಗೂಟ ಹೊಡೆದು, ವಿದ್ಯುತ್ ಹಾಯಿಸಿ, ಒಳಗಿನ ಪದರಗಳು ಅದನ್ನು ಎಷ್ಟು ತಡೆಯುತ್ತವೆಂದು ಅಳೆಯುವ ಭೂವಿಜ್ಞಾನಿಯನ್ನು. ಇಬ್ಬರನ್ನೂ ಕರೆಸಿ, ಇಬ್ಬರೂ ಒಪ್ಪಿದ ಜಾಗದಲ್ಲೇ ಕೊರೆಸುವವರೂ ಉಂಟು.

ಯಂತ್ರ ಶುರುವಾದ ಮೇಲೆ ಮಾತು ಕೇಳಿಸುವುದಿಲ್ಲ. ಮೊದಲು ಹೊರಬರುವುದು ಕೆಮ್ಮಣ್ಣು. ಆಮೇಲೆ ಹಳದಿ, ಬಿಳಿ, ಇಟ್ಟಿಗೆ ಬಣ್ಣಗಳು ಬೆರೆತ ಗರಸು. ಮುಷ್ಟಿಯಲ್ಲಿ ತೆಗೆದುಕೊಂಡು ಬೆರಳಿನಿಂದ ಹಿಸುಕಿದರೆ ಉದುರಿಹೋಗುತ್ತದೆ. ಅಭ್ರಕದ ಸಣ್ಣ ಚೂರುಗಳು ಬೆರಳಿಗೆ ಅಂಟಿಕೊಂಡು ಮಿನುಗುತ್ತವೆ. ನಲವತ್ತೋ ಅರವತ್ತೋ ಅಡಿ ಇಳಿದ ಮೇಲೆ ಸದ್ದು ಬದಲಾಗುತ್ತದೆ, ಕಂಬದ ನಡುಕ ಬಿಗಿಯಾಗುತ್ತದೆ. ಬಂಡೆ ಹತ್ತಿತು ಎನ್ನುತ್ತಾರೆ. ಅಲ್ಲಿಗೆ ಕೊರೆಯುವುದನ್ನು ನಿಲ್ಲಿಸಿ ಕೇಸಿಂಗ್ ಪೈಪ್ ಇಳಿಸಿ, ಅದರ ಬುಡವನ್ನು ಬಂಡೆಯ ಮೇಲೆ ಕೂರಿಸಿ, ಪುನಃ ಶುರು. ಈಗ ಬರುವುದು ಬೂದುಬಣ್ಣದ ನುಣುಪು ಪುಡಿ. ಅಕ್ಕಪಕ್ಕದ ಕಾರು, ತುಳಸಿಕಟ್ಟೆ, ಒಣಗಲು ಹಾಕಿದ ಬಟ್ಟೆ ಎಲ್ಲದರ ಮೇಲೂ ಅದು ಕೂರುತ್ತದೆ. ಒಂದು ರಾಡು ಸಾಮಾನ್ಯವಾಗಿ 20 ಅಡಿ. ಮನೆಯ ಯಜಮಾನರು ಕುರ್ಚಿ ಹಾಕಿಕೊಂಡು ರಾಡು ಎಣಿಸುತ್ತಾರೆ: ಹತ್ತಕ್ಕೆ 200 ಅಡಿ, ಮೂವತ್ತಕ್ಕೆ 600, ಐವತ್ತಕ್ಕೆ 1,000. ಎಲ್ಲಾದರೂ ಬಂಡೆಯಲ್ಲಿ ಬಿರುಕು ಸಿಕ್ಕಿದರೆ ಪುಡಿ ತೇವವಾಗಿ ಉಂಡೆ ಕಟ್ಟುತ್ತದೆ, ಕೆಸರಾಗುತ್ತದೆ, ಅದೃಷ್ಟವಿದ್ದರೆ ನೀರು ಚಿಮ್ಮುತ್ತದೆ. ಒಂದಿಂಚು, ಎರಡಿಂಚು ಎಂದು ಅಳತೆ ಹೇಳುತ್ತಾರೆ. ಬಿರುಕು ಸಿಗದಿದ್ದರೆ ಕೊನೆಯ ರಾಡಿನವರೆಗೂ ಪುಡಿಯೇ.

ಬಂಡೆಯ ಬಿರುಕಿಗಾಗಿ ಕಾಯುತ್ತ ಕೂತವರು ಕೇಸಿಂಗ್ ಪೈಪಿನ ಕಡೆ ನೋಡುವುದೇ ಇಲ್ಲ. ದಕ್ಷಿಣ ಬೆಂಗಳೂರಿನ ನೀರಿನ ಕಥೆಯೆಲ್ಲ ನನಗೆ ಆ ಪೈಪಿನಲ್ಲೇ ಕಾಣುತ್ತದೆ. ಮಣ್ಣು ಕುಸಿದು ಬಾವಿ ಮುಚ್ಚದಿರಲಿ ಎಂದು ಇಳಿಸುವ ಆ ಪೈಪು, ಮಳೆಯ ನೀರು ನಿಲ್ಲುವ ಮೇಲಿನ ಪದರವನ್ನೂ ಹೊರಗೇ ಉಳಿಸುತ್ತದೆ. ವರ್ಷವರ್ಷವೂ ತುಂಬಬಲ್ಲ ನೀರನ್ನು ಗೋಡೆ ಕಟ್ಟಿ ಆಚೆಗಿಟ್ಟು, ಎಂದು ತುಂಬಿತ್ತೋ ಮತ್ತೆಂದು ತುಂಬುವುದೋ ಹೇಳಲಾಗದ ನೀರಿಗೆ ಸಾವಿರ ಅಡಿ ಇಳಿಯುತ್ತೇವೆ.

ಬೇರೆ ನೆಲಗಳಲ್ಲಿ ಹೀಗಿಲ್ಲ. ಅದನ್ನು ತಿಳಿಯಲು ಜಯನಗರದ ಯಾವುದಾದರೂ ಹಳೆಯ ಮನೆಯ ಅಡುಗೆಮನೆಗೆ ಹೋದರೆ ಸಾಕು. ಕಟ್ಟೆಗೆ ಹಾಸಿರುವುದು ಕಪ್ಪು ಕಡಪ ಕಲ್ಲು. ಹಿತ್ತಲಿನ ನೆಲಕ್ಕೆ, ಒಗೆಯುವ ಜಾಗಕ್ಕೆ ಶಹಾಬಾದ್ ಕಲ್ಲು. ಕಡಪ ಕಟ್ಟೆಯ ಮೇಲೆ ಹಿಂಡಿದ ನಿಂಬೆ ಹೋಳನ್ನು ರಾತ್ರಿ ಮರೆತು ಬಿಟ್ಟರೆ ಬೆಳಿಗ್ಗೆ ಅಲ್ಲಿ ಬಿಳಿಚಿದ ಉಂಗುರ ಬಿದ್ದಿರುತ್ತದೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಎರಡೂ ಸುಣ್ಣದಕಲ್ಲು. ಹುಳಿ ತಾಗಿದರೆ ಕರಗುವುದು ಅದರ ಗುಣ. ಮಳೆನೀರು ಗಾಳಿಯ, ಮಣ್ಣಿನ ಇಂಗಾಲಾಮ್ಲವನ್ನು ಹೀರಿಕೊಂಡು ತುಸು ಹುಳಿಯಾಗಿಯೇ ನೆಲಕ್ಕಿಳಿಯುತ್ತದೆ. ನಿಂಬೆ ಹೋಳು ಒಂದು ರಾತ್ರಿಯಲ್ಲಿ ಮಾಡಿದ್ದನ್ನು ಅದು ಲಕ್ಷಾಂತರ ವರ್ಷ ಮಾಡುತ್ತದೆ: ಬಿರುಕನ್ನು ಕಾಲುವೆಯಾಗಿಸಿ, ಕಾಲುವೆಯನ್ನು ಗುಹೆಯಾಗಿಸಿ, ನೆಲದಡಿ ಹೊಳೆಗಳನ್ನೇ ಹರಿಸುತ್ತದೆ. ಇಂಥ ನೆಲವನ್ನು ಭೂವಿಜ್ಞಾನಿಗಳು ಕಾರ್ಸ್ಟ್ ಎನ್ನುತ್ತಾರೆ. ಆಂಧ್ರದ ಬೇಲಂ ಗುಹೆಗಳು ಹೀಗೆ ಆದವು. ಮೂರು ಕಿಲೋಮೀಟರಿಗೂ ಮಿಕ್ಕ ಆ ಸುರಂಗಗಳ ಅತ್ಯಂತ ಆಳದ ತಾಣದಲ್ಲಿ ನೀರು ಹರಿಯುವುದನ್ನು ಈಗಲೂ ಕಾಣಬಹುದು. ಅದಕ್ಕೆ ಪಾತಾಳಗಂಗೆ ಎಂದು ಹೆಸರು.

ಇಂಥ ನೆಲದ ನೀರನ್ನು ನಂಬಿ ದೊಡ್ಡ ನಗರಗಳು ಬದುಕಿವೆ. ವಿಯೆನ್ನಾ ನಗರಕ್ಕೆ 1873ರಿಂದ ಆಲ್ಪ್ಸ್ ಸಾಲಿನ ಸುಣ್ಣದಕಲ್ಲಿನ ಬೆಟ್ಟಗಳ ಚಿಲುಮೆ ನೀರು ಬರುತ್ತಿದೆ. ನನಗೆ ಅದಕ್ಕಿಂತ ಹೆಚ್ಚು ಮನಸ್ಸಿಗೆ ಹಿಡಿಸಿದ್ದು ಫ್ರಾನ್ಸಿನ ಮಾಂಟ್‌ಪೆಲಿಯೆ ನಗರದ ಉಪಾಯ. ಆ ಊರಿಗೆ ಲೆಜ್ ಎಂಬ ಚಿಲುಮೆ ಆಧಾರ. ಬೇಸಿಗೆಯಲ್ಲಿ ಅದು ತಾನಾಗಿ ಉಕ್ಕುವುದು ಕಡಿಮೆ, ಊರಿಗೆ ಬೇಕಾದದ್ದು ಹೆಚ್ಚು. ಅಲ್ಲಿನವರು ಚಿಲುಮೆಯ ಹಿಂದಿನ ಗುಹೆಯನ್ನು ಮುಳುಗುಗಾರರಿಂದ ಹುಡುಕಿಸಿ, ನೆಲದಡಿ ಪಂಪುಮನೆ ಕಟ್ಟಿ, 1980ರ ದಶಕದಿಂದ ಚಿಲುಮೆಯ ಬಾಯಿಗಿಂತ ಕೆಳಗಿನ ನೀರನ್ನೇ ಎತ್ತುತ್ತಿದ್ದಾರೆ. ಬೇಸಿಗೆಯಲ್ಲಿ ಮಟ್ಟ ಇಳಿಯುತ್ತದೆ, ಖಾಲಿಯಾದ ಜಾಗವನ್ನು ಶರತ್ಕಾಲದ ಮಳೆ ತುಂಬಿಕೊಡುತ್ತದೆ. ಹೊಳೆ ಒಣಗದಂತೆ ಅದಕ್ಕೂ ಒಂದು ಪಾಲು ಬಿಡುತ್ತಾರೆ. ಮಳೆ ಎಷ್ಟು ತುಂಬಿಕೊಡುತ್ತದೆಂದು ಅಳೆದು ಅಷ್ಟನ್ನೇ ತೆಗೆಯುವುದು ಅಲ್ಲಿನ ಲೆಕ್ಕ.

ನಮ್ಮ ಕಲ್ಲು ಬೇರೆ ಜಾತಿಯದು. ಅದನ್ನು ನೋಡಲು ಲಾಲ್‌ಬಾಗಿನ ಬಂಡೆ ಹತ್ತಬೇಕು. 1916ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು.ಎಫ್. ಸ್ಮೀತ್ ಈ ಶಿಲೆಗೆ ಪೆನಿನ್ಸುಲಾರ್ ನೈಸ್ ಎಂದು ಹೆಸರಿಟ್ಟರು. ವಯಸ್ಸು ಸುಮಾರು 300 ಕೋಟಿ ವರ್ಷ. ಕಾವಿಗೆ ಬೆಂದು, ಒತ್ತಡಕ್ಕೆ ಮಡಿಸಿಕೊಂಡ ಬಿಳಿ-ಬೂದು ಪಟ್ಟೆಗಳು ಬಂಡೆಯ ಮೈತುಂಬ ಇವೆ. ಮಳೆ ಬಂದು ನಿಂತ ಕೂಡಲೇ ನೋಡಿದರೆ ಒಂದೊಂದು ಪಟ್ಟೆಯನ್ನೂ ಎಣಿಸಬಹುದು. ಜಯನಗರ 9ನೇ ಬ್ಲಾಕಿನ ರಾಗಿಗುಡ್ಡವೂ ಇದೇ ಕಲ್ಲಿನ ನಾಡಿನದು, ರಾಶಿ ಹಾಕಿದ ರಾಗಿ ಕಲ್ಲಾಯಿತೆಂಬುದು ಅಲ್ಲಿಯ ಐತಿಹ್ಯ. ಇತ್ತ ಗವಿಪುರದ ಗವಿ ಗಂಗಾಧರೇಶ್ವರನ ಗುಹೆಯಿಂದ ಕಾಶಿಗೆ ಸುರಂಗವಿದೆ ಎಂಬ ಮಾತನ್ನು ದಕ್ಷಿಣ ಬೆಂಗಳೂರಿನಲ್ಲಿ ಬೆಳೆದವರೆಲ್ಲ ಕೇಳಿದ್ದಾರೆ. ಭೂವಿಜ್ಞಾನ ಅಂಥ ಸುರಂಗಕ್ಕೆ ಇಲ್ಲಿ ಅವಕಾಶ ಕೊಡುವುದಿಲ್ಲ. ಈ ಶಿಲೆ ನೀರಿಗೆ ಕರಗಿ ದಾರಿ ಬಿಡುವುದಿಲ್ಲ, ಬಿರಿಯುತ್ತದೆ ಅಷ್ಟೆ. ಬಿರುಕುಗಳು ಇಲ್ಲೊಂದು ಅಲ್ಲೊಂದು. ಆಳಕ್ಕಿಳಿದಂತೆ ಮೇಲಿನ ಭಾರಕ್ಕೆ ಬಿಗಿದುಕೊಂಡು ಕಿರಿದಾಗುತ್ತವೆ. ಒಂದು ಸೈಟಿನಲ್ಲಿ ಎರಡಿಂಚು ಬಿದ್ದು, ಗೋಡೆಯಾಚೆ ಬರೀ ಪುಡಿ ಬರುವುದು ಅದಕ್ಕೇ.

ಈ ಕಲ್ಲು ಕರಗದಿದ್ದರೂ ಕೊಳೆಯುತ್ತದೆ. ಫೆಲ್ಡ್‌ಸ್ಪಾರ್ ಜೇಡಿಯಾಗುತ್ತದೆ, ಅಭ್ರಕ ಬಿಡಿಸಿಕೊಳ್ಳುತ್ತದೆ, ಬೆಣಚು ಮರಳಾಗಿ ಉಳಿಯುತ್ತದೆ. ಬೋರ್‌ವೆಲ್ ಲಾರಿಯ ಪಕ್ಕ ಮುಷ್ಟಿಯಲ್ಲಿ ಹಿಸುಕಿ ನೋಡಿದ ಗರಸು ಇದೇ. ಬೆಂಗಳೂರಿನ ಹಲವೆಡೆ ಈ ಹೊದಿಕೆ ಹತ್ತಾರು ಅಡಿ ದಪ್ಪವಿದೆ, ಕೆಲವು ಕಡೆ ನೂರಡಿವರೆಗೂ. ಕಣಕಣದ ನಡುವೆ ನೀರು ಕುಡಿದು ಕೂರುತ್ತದೆ. ಗುಹೆಯಂತೆ ಧುಮುಕಿ ಹರಿಸುವುದಿಲ್ಲ, ದಿನಕ್ಕೆ ಇಷ್ಟಿಷ್ಟೇ ಜಾರಿಸುತ್ತದೆ. ಆ ನಿಧಾನದಲ್ಲೇ ನೀರು ಒಂದಿಷ್ಟು ಸೋಸಿಯೂ ಹೋಗುತ್ತದೆ. ಬೇಸಿಗೆಯ ನೀರಿಗೆ ನಮ್ಮ ನೆಲ ಕೊಟ್ಟ ತಿಜೋರಿ ಇದು. ಊರ ಹಿರಿಯರು ಗುದ್ದಲಿ ಹಿಡಿದು ತೋಡಿದ ಬಾವಿಗಳೆಲ್ಲ ಈ ಪದರದವು. ಅವರು ಕೆರೆ ಕಟ್ಟಿಸಿ ಅದರ ಕೆಳಪಾತಳಿಯಲ್ಲಿ ಬಾವಿ ತೆಗೆದದ್ದರ ಹಿಂದೆ ಇದೇ ಗರಸಿನ ಅನುಭವವಿತ್ತು.

ನದಿಯಿಲ್ಲದ ಏರಿನ ಮೇಲಿನ ಊರು ಆ ಪದರವನ್ನು ಮರೆತದ್ದು ಒಂದು ದಿನದಲ್ಲಿ ಅಲ್ಲ. 1896ರಲ್ಲಿ ಹೆಸರಘಟ್ಟದ ನೀರು ಬಂತು, 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿಯದು, 1974ರಲ್ಲಿ ಕಾವೇರಿ. ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಆಗ ಎದ್ದ ಕೆಲವು ಮನೆಗಳ ಹಿತ್ತಲಲ್ಲಿ ಬಾವಿಯಿತ್ತು. ನಲ್ಲಿಯಲ್ಲಿ ಕಾವೇರಿ ಸುರಿದ ಮೇಲೆ ಬಾವಿಗೆ ಚಪ್ಪಡಿ ಮುಚ್ಚಿದರು, ಕೆಲವರು ಕಟ್ಟಡದ ಮಣ್ಣು ತುಂಬಿಸಿದರು. ಕಾವೇರಿಯೋ ಸುಮಾರು 100 ಕಿಲೋಮೀಟರ್ ದೂರದಿಂದ, ಟಿ.ಕೆ. ಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ಪಂಪು ಹಾಕಿಸಿಕೊಂಡು, ಅರ್ಧ ಕಿಲೋಮೀಟರಿನಷ್ಟು ಎತ್ತರ ಹತ್ತಿ ಬರುತ್ತಾಳೆ. ಊರು ಅವಳಿಗಿಂತ ಬೇಗ ಬೆಳೆಯಿತು. ಕಡಿಮೆ ಬಿದ್ದದ್ದನ್ನು ಬೋರು ತುಂಬಿತು.

2024ರ ಬೇಸಿಗೆ ಆ ಲೆಕ್ಕವನ್ನು ಬೀದಿಗೆ ತಂದಿತು. ನಗರದ 13,900 ಸರ್ಕಾರಿ ಕೊಳವೆಬಾವಿಗಳ ಪೈಕಿ 6,900 ಬತ್ತಿವೆ ಎಂದು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಹೇಳಿದರು, ತಮ್ಮ ಮನೆಯ ಬೋರೂ ಒಣಗಿದೆ ಎಂದರು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿತು. ಐದು ಕಿಲೋಮೀಟರೊಳಗೆ 12,000 ಲೀಟರಿನ ಟ್ಯಾಂಕರಿಗೆ 1,000 ರೂಪಾಯಿ ಎಂದು ಜಿಲ್ಲಾಡಳಿತ ದರ ಕಟ್ಟಬೇಕಾಯಿತು. ಬಿಟಿಎಂ ಬಡಾವಣೆಯ ಪಿಜಿಗಳ ಸಾಲಿನಲ್ಲಿ ರಾತ್ರಿಯೆಲ್ಲ ಟ್ಯಾಂಕರುಗಳ ಪೈಪು ಮೆಟ್ಟಿಲಗುಂಟ ಹರಿದಾಡಿತು. ಬೈರಸಂದ್ರ, ತಾವರೆಕೆರೆ, ಮಡಿವಾಳ ಸೇರಿ ಆದ ಬಡಾವಣೆಯದು. ಪಕ್ಕದಲ್ಲೇ ಮಡಿವಾಳ ಕೆರೆ, ಬೆಂಗಳೂರಿನ ದೊಡ್ಡ ಕೆರೆಗಳಲ್ಲೊಂದು. ಕೆರೆಯ ಮಗ್ಗುಲಲ್ಲಿ ಮಲಗಿದವರು ಬಕೆಟ್ಟು ಹಿಡಿದು ಟ್ಯಾಂಕರಿಗೆ ಕಾದದ್ದು ಇವತ್ತಿಗೂ ನನ್ನನ್ನು ಕಾಡುತ್ತದೆ. ಅದೇ ವರ್ಷದ ಅಕ್ಟೋಬರಿನಲ್ಲಿ ದಿನಕ್ಕೆ 77.5 ಕೋಟಿ ಲೀಟರಿನ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ಹೊರವಲಯದ 110 ಹಳ್ಳಿಗಳಿಗೆ ಅದು ಬೇಕೇ ಬೇಕಿತ್ತು. ಆದರೆ ಕಾವೇರಿಯನ್ನು ಇನ್ನೂ ಎಷ್ಟು ಹಂತ ಎಳೆಯಲಾದೀತು?

ಉತ್ತರದ ಒಂದು ತುಣುಕು ಜೆ.ಪಿ. ನಗರದ ಅಡ್ಡರಸ್ತೆಗಳಲ್ಲಿ, ಮಳೆಗಾಲಕ್ಕೆ ಮುಂಚಿನ ವಾರಗಳಲ್ಲಿ ನೋಡಲು ಸಿಗುತ್ತದೆ. ಅಲ್ಲಿ ಲಾರಿಯಿಲ್ಲ, ಕಂಪ್ರೆಸರಿಲ್ಲ. ಮಣ್ಣು ವಡ್ಡರ ನಾಲ್ಕೈದು ಜನರ ಒಂದು ತಂಡ. ತಲೆತಲಾಂತರದಿಂದ ಬಾವಿ ತೋಡಿದ ಮಂದಿ. ಮನೆಯಲ್ಲಿ ತೆಲುಗು ಬೆರೆತ ತಮ್ಮದೇ ಮಾತು, ಹೊರಗೆ ಕನ್ನಡ. ಸಾಮಾನು ಎಂದರೆ ಹಾರೆ, ಗಿಡ್ಡ ಕಾವಿನ ಗುದ್ದಲಿ, ಬಾಂಡ್ಲಿ, ದಪ್ಪ ಹಗ್ಗ, ಮೂರು ಕಾಲಿನ ಮೇಲೆ ನೇತುಹಾಕಿದ ರಾಟೆ. ನೆಲದ ಮೇಲೆ ದಾರ ಹಿಡಿದು ವೃತ್ತ ಎಳೆಯುತ್ತಾರೆ, ಮೂರಡಿಯೋ ನಾಲ್ಕಡಿಯೋ ಅಗಲ. ಒಬ್ಬ ಒಳಗಿಳಿದು ಕುಕ್ಕರಗಾಲಿನಲ್ಲಿ ಕೂತು ತನ್ನ ಸುತ್ತ ತಾನೇ ತಿರುಗುತ್ತ ಅಗೆಯುತ್ತಾನೆ. ಅಷ್ಟು ಇಕ್ಕಟ್ಟಿನಲ್ಲಿ ಗುದ್ದಲಿಯ ಕಾವು ಒಮ್ಮೆಯೂ ಗೋಡೆಗೆ ತಗಲದು. ಗೋಡೆ ಲಂಬವಾಗಿದೆಯೇ ಎಂದು ಅವನು ಯಾವ ಉಪಕರಣ ಇಟ್ಟೂ ನೋಡುವುದಿಲ್ಲ. ಬೆನ್ನು ಆನಿಸಿದಾಗಲೇ ಗೊತ್ತಾಗುತ್ತದೆ. ಹತ್ತಡಿ ದಾಟಿದ ಮೇಲೆ ಮಣ್ಣು ತಣ್ಣಗಾಗುತ್ತದೆ. ಒಂದು ಹಿಡಿ ತೆಗೆದು ಮುದ್ದೆ ಕಟ್ಟಿ ನೋಡುತ್ತಾನೆ: ಮುದ್ದೆ ನಿಂತರೆ ಜೇಡಿ, ನೀರು ಇಂಗುವುದು ತಡ, ಉದುರಿದರೆ ಗರಸು, ಅಲ್ಲಿ ನೀರು ನಿಲ್ಲದೆ ಇಳಿದುಹೋಗುತ್ತದೆ. ಎಲ್ಲಿ ನಿಲ್ಲಿಸಬೇಕೆಂಬುದನ್ನು ಅವನ ಬೆರಳು ನಿರ್ಧರಿಸುತ್ತದೆ. ಕಾಗದದ ನಕ್ಷೆಯಲ್ಲಿ 20 ಅಡಿ ಎಂದು ಬರೆದಿದ್ದರೂ ಜೇಡಿ ಮುಗಿಯದಿದ್ದರೆ ಇನ್ನೂ ಐದಡಿ ಹೋಗೋಣ ಎನ್ನುವುದು ಅವನೇ.

ಆಮೇಲೆ ಕಾಂಕ್ರೀಟಿನ ರಿಂಗುಗಳು. ಒಂದೊಂದನ್ನೂ ಹಗ್ಗದಲ್ಲಿ ಕಟ್ಟಿ, ಮೇಲಿನವರು ಕಾಲು ಊರಿ ಹಿಂದಕ್ಕೆ ವಾಲಿ, ಅಂಗುಲ ಅಂಗುಲವಾಗಿ ಇಳಿಸುತ್ತಾರೆ. ರಿಂಗಿನ ಸಂದುಗಳಿಗೆ ಸಿಮೆಂಟು ಬಳಿಯುವುದಿಲ್ಲ, ತಳಕ್ಕೂ ಹಾಕುವುದಿಲ್ಲ. ಹೊರಸುತ್ತಿಗೆ ಜಲ್ಲಿ ತುಂಬುತ್ತಾರೆ. ಚಾವಣಿಯ ನೀರು ಮೊದಲು ಸೋಸುಗುಂಡಿಗೆ ಬಂದು, ಎಲೆ ಕಸ ಮಣ್ಣು ಬಿಟ್ಟು, ನಂತರ ಇಲ್ಲಿಗೆ. ಇದು ಇಂಗುಬಾವಿ. ನಾಲ್ಕಡಿ ಅಗಲ, 20 ಅಡಿ ಆಳದ್ದಾದರೆ ಒಂದು ಸಲಕ್ಕೆ 7,000 ಲೀಟರ್ ಹಿಡಿಯುತ್ತದೆ, ಗರಸು ಚೆನ್ನಾಗಿದ್ದರೆ ಬೆಳಗಾಗುವುದರೊಳಗೆ ಖಾಲಿಯಾಗಿ ಇನ್ನೊಂದು ಮಳೆಗೆ ಬಾಯಿ ತೆರೆದಿರುತ್ತದೆ.

ಹಳೆಯ ಬಾವಿಯ ಹೂಳು ತೆಗೆಯುವುದು ಇದಕ್ಕಿಂತ ಅಪಾಯದ ಕೆಲಸ. ಚಪ್ಪಡಿ ಸರಿಸಿದ ತಕ್ಷಣ ಯಾರೂ ಇಳಿಯುವುದಿಲ್ಲ. ಮೊದಲು ಹಗ್ಗಕ್ಕೆ ಕಟ್ಟಿದ ದೀಪ ಇಳಿಸಿ ನೋಡುತ್ತಾರೆ. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ. ಬಾವಿ ಉಸಿರಾಡಲು ಬಿಟ್ಟು ಕಾಯಬೇಕು. ಗಾಜಿನ ಬಾಟಲಿ, ಪೂಜೆಯ ಹೂವಿನ ಪ್ಲಾಸ್ಟಿಕ್ ಚೀಲ, ತುಕ್ಕು ಹಿಡಿದ ರಾಟೆ, ಕಪ್ಪು ಕೆಸರು ಎಲ್ಲ ಬಾಂಡ್ಲಿಯಲ್ಲಿ ಮೇಲೆ ಬಂದ ಮೇಲೆ ತಳದ ಗರಸು ಕಾಣುತ್ತದೆ. ಅದನ್ನು ಹಾರೆಯ ತುದಿಯಿಂದ ಮೀಟಿದಾಗ ಒಂದು ಮೂಲೆಯಿಂದ ಒರತೆ ಜಿನುಗತೊಡಗುತ್ತದೆ. ಇವರ ಈ ಕಸುಬನ್ನು ನಗರಕ್ಕೆ ನೆನಪಿಸಿದವರಲ್ಲಿ ಎಸ್. ವಿಶ್ವನಾಥ್ ಮತ್ತು ಅವರ ಬಯೋಮ್ ಟ್ರಸ್ಟ್ ಮುಖ್ಯರು. ಬೆಂಗಳೂರಿಗೆ ಹತ್ತು ಲಕ್ಷ ಬಾವಿ ಎಂಬ ಅವರ ಅಭಿಯಾನ ಶುರುವಾಗಿ ವರ್ಷಗಳೇ ಆದವು. ಬಾವಿ ತೋಡುವವರಿಗೆ ಕೆಲಸ, ಊರಿಗೆ ನೀರು ಎರಡನ್ನೂ ಒಂದೇ ಗುಂಡಿಯಲ್ಲಿ ಕಂಡ ಯೋಜನೆ ಅದು.

ಮಳೆ ಸಾಕಾಗುತ್ತದೆಯೇ ಎಂದು ಕೇಳುವವರಿಗೆ ಲೆಕ್ಕ ಸುಲಭ. ಬೆಂಗಳೂರಿಗೆ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಮಳೆ. 60×40 ಸೈಟಿನ ಮೇಲೆ ಅದು 2 ಲಕ್ಷ 16 ಸಾವಿರ ಲೀಟರ್, ಅಂದರೆ ದೊಡ್ಡ ಟ್ಯಾಂಕರಿನ 18 ಲೋಡು. ಒಂದಂಗುಲದ ಒಂದೇ ಸಂಜೆಮಳೆಗೆ ಐದೂವರೆ ಸಾವಿರ ಲೀಟರ್. ಹಳೆಯ 60×40 ಮನೆಗಳಿಗೂ ಹೊಸ 30×40 ಮನೆಗಳಿಗೂ ಮಳೆಕೊಯ್ಲು ಕಡ್ಡಾಯ ಎಂದು 2009ರಲ್ಲೇ ಕಾನೂನಾಯಿತು. ಹೇಗೆ ಮಾಡುವುದೆಂದು ತೋರಿಸಲು ಜಯನಗರ 5ನೇ ಬ್ಲಾಕಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಮಳೆಕೊಯ್ಲು ಉದ್ಯಾನವನ್ನೇ ಜಲಮಂಡಳಿ ಮಾಡಿದೆ. ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಎ.ಆರ್. ಶಿವಕುಮಾರ್ ಅವರ ಅನುಭವ ಅದರ ಬೆನ್ನಿಗಿತ್ತು. ನಿಜವಾದ ಅಳತೆಯ ತೊಟ್ಟಿ, ಸೋಸುಕ, ಇಂಗುಬಾವಿ ಮುಟ್ಟಿ ನೋಡಬಹುದು. ಮನೆ ಕಟ್ಟುವವರು ಟೈಲ್ಸ್ ಆರಿಸಲು ಕೊಡುವ ಅರ್ಧ ದಿನವನ್ನು ಇಲ್ಲಿಗೂ ಕೊಡಬೇಕೆಂದು ನನ್ನ ಆಸೆ.

ಕೆರೆಗಳ ಕೆಲಸ ಇನ್ನೂ ದೊಡ್ಡದು. ಜೆ.ಪಿ. ನಗರ 7ನೇ ಹಂತದ ಪುಟ್ಟೇನಹಳ್ಳಿ ಕೆರೆ ಹದಿಮೂರು ಎಕರೆಯ ಸಣ್ಣ ಕೆರೆ. 2010ರಲ್ಲಿ ಸುತ್ತಲಿನವರು ಟ್ರಸ್ಟ್ ಮಾಡಿಕೊಂಡು ಅದಕ್ಕೆ ಜೀವ ತಂದರು. ಕಟ್ಟಡಗಳಿಂದ ಸುತ್ತುವರಿದ ಕೆರೆಗೆ ಮಳೆನೀರಿನ ದಾರಿಗಳೇ ಕಡಿಮೆಯಾದಾಗ, ಪಕ್ಕದ ವಸತಿ ಸಮುಚ್ಚಯದಲ್ಲಿ ಶುದ್ಧಗೊಳಿಸಿದ ಬಳಕೆ ನೀರನ್ನು ತಂದು ತುಂಬಿಸುವ ದಾರಿ ಹುಡುಕಿದರು. ಬೆಳಿಗ್ಗೆ ಆರಕ್ಕೆ ಹೋದರೆ ಜೊಂಡಿನ ಅಂಚಿನಲ್ಲಿ ನೇರಳೆ ಜಂಬುಕೋಳಿ ಉದ್ದ ಬೆರಳು ಎತ್ತಿಟ್ಟು ನಡೆಯುವುದು ಕಾಣುತ್ತದೆ. ಇನ್ನು ಸಾರಕ್ಕಿ ಕೆರೆ ಇದರ ಹಲವು ಪಟ್ಟು ದೊಡ್ಡದು. 2015ರಲ್ಲಿ ಅದರ ಒತ್ತುವರಿ ತೆರವು ನಡೆಯಿತು. ಕೆರೆ ತುಂಬಿ ನಿಂತರೆ ತಳದ ಗರಸು ಕುಡಿಯುತ್ತದೆ, ಕೆಳಗಿನ ಬೀದಿಗಳ ಬಾವಿಗಳಿಗೆ ಅದು ತಿಂಗಳುಗಟ್ಟಲೆ ಕೊಡುತ್ತದೆ.

ಮೇಲಿನ ಪದರಕ್ಕೆ ಮೇಲಿನ ಕೊಳೆಯೂ ಬೇಗ ತಲುಪುತ್ತದೆ, ಇದನ್ನು ಮುಚ್ಚಿಡಬಾರದು. ಒಡೆದ ಒಳಚರಂಡಿಯ ಪಕ್ಕದ ಬಾವಿಯಲ್ಲಿ ನೈಟ್ರೇಟ್ ಇರುತ್ತದೆ, ಕೋಲಿಫಾರ್ಮ್ ಇರುತ್ತದೆ. ರಸ್ತೆಯ ನೀರನ್ನು ಹಾಗೇ ಇಂಗಿಸುವಂತಿಲ್ಲ. ಪರೀಕ್ಷೆ ಮಾಡಿಸದೆ ಕುಡಿಯುವಂತಿಲ್ಲ; ಗಿಡಕ್ಕೆ, ನೆಲಕ್ಕೆ, ಶೌಚಕ್ಕೆ ಮೊದಲು ಬಳಸಿ, ಅಷ್ಟು ಕಾವೇರಿಯನ್ನು ಉಳಿಸಿದರೂ ಬೇಸಿಗೆಯ ಭಾರ ಎಷ್ಟೋ ಇಳಿಯುತ್ತದೆ. ಕುಡಿಯಲು ಬೇಕಾದರೆ ಶುದ್ಧೀಕರಣ ಘಟಕ ಜೊತೆಗಿರಬೇಕು.

ಅದು ಆಗದ ಮಾತೇನಲ್ಲ. ದೇವನಹಳ್ಳಿಯಲ್ಲಿ ಸಿಹಿನೀರು ಕೆರೆಯ ಪಕ್ಕದ ಹಳೆಯ ತೆರೆದ ಬಾವಿಯ ಹೂಳು ತೆಗೆಸಿ, ಸಣ್ಣದೊಂದು ಶುದ್ಧೀಕರಣ ಘಟಕ ಕೂರಿಸಿ, ಆ ನೀರನ್ನು ಪುರಸಭೆಯ ಪೂರೈಕೆಗೆ ಸೇರಿಸಿದ್ದಾರೆ. ಕೇಂದ್ರ ಸರ್ಕಾರದ ಅಮೃತ್ 2.0 ಯೋಜನೆಯಡಿ ಮೇಲ್ಪದರದ ಅಂತರ್ಜಲವನ್ನು ನಿರ್ವಹಿಸಲು ಆರಿಸಿದ ಹತ್ತು ನಗರಗಳ ಪಟ್ಟಿಯಲ್ಲಿ ಬೆಂಗಳೂರೂ ಇದೆ. ದಕ್ಷಿಣ ಬೆಂಗಳೂರಿಗೆ ಬೇಕಾಗಿರುವುದು ಅಂಥದೇ ಒಂದು ಸಾರ್ವಜನಿಕ ಬಾವಿ: ಸಾರಕ್ಕಿ ಕೆರೆಯ ಏರಿಯ ಕೆಳಗೆ ತೋಡಿ, ಪ್ರತಿ ವಾರ ಮಟ್ಟ ಅಳೆದು, ನೀರು ಪರೀಕ್ಷಿಸಿ, ಮಾರ್ಚಿನಿಂದ ಮೇವರೆಗೆ ಜೆ.ಪಿ. ನಗರಕ್ಕೆ ಎಷ್ಟು ಕೊಡಬಲ್ಲದೆಂದೂ ಸೆಪ್ಟೆಂಬರಿನ ಮಳೆಗೆ ಎಷ್ಟು ಮರಳಿ ತುಂಬುತ್ತದೆಂದೂ ಬರೆದಿಡುವ ಬಾವಿ. ಇದನ್ನು ಮಾಡಬಲ್ಲವರು ಕೂಗಳತೆಯಲ್ಲೇ ಇದ್ದಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಕಚೇರಿ ಕುಮಾರಸ್ವಾಮಿ ಬಡಾವಣೆಯಲ್ಲಿದೆ, ಕೇಂದ್ರ ಅಂತರ್ಜಲ ಮಂಡಳಿಯದು ಎಚ್‌ಎಸ್‌ಆರ್ ಬಡಾವಣೆಯಲ್ಲಿ, ಜಲಮಂಡಳಿಯ ಉದ್ಯಾನ ಜಯನಗರದಲ್ಲಿ. ಬಾವಿ ತೋಡುವ ತಂಡಗಳಿಗೆ ಮಳೆ ಹಿಡಿಯುವ ಮುಂಚೆ ಕೆಲಸ ಹೇಳಿದರಾಯಿತು. ನೆಲ ನೆನೆದ ಮೇಲೆ ಗೋಡೆ ಕುಸಿಯುತ್ತದೆಂದು ಅವರು ಆಳಕ್ಕೆ ಇಳಿಯುವುದಿಲ್ಲ.